ಕಟ್ಟೆಬಾವಿಯ ಸೀಸೆಗಳು

ತುಮಕೂರು
೧೪ ಜುಲೈ ೨೦೨೪

ಪ್ರೀತಿಯ ದಾನಿ,

“ಬಾವಿ ತಾನು ಕಂಡ ಮುಖಗಳನ್ನು…” ಎಂಬ ಸಾಲೊಂದು ಬೆಳಗಿನಿಂದ ತಲೆಯಲ್ಲಿ ಓಡಾಡುತ್ತಿದೆ. ಮುಂದಿನ ಮಾತು ‘ಮರೆಯುವುದಿಲ್ಲ’ ಎಂದಿತ್ತೋ ‘ಇಟ್ಟುಕೊಳ್ಳುವುದಿಲ್ಲ’ ಎಂದಿತ್ತೋ ನೆನಪಾಗುತ್ತಿಲ್ಲ. ಎರಡರಲ್ಲಿ ಯಾವುದಾದರೂ ನಿಜವೇ ಎಂಬುದೂ ಗೊತ್ತಿಲ್ಲ. ಬಗ್ಗಿ ನೋಡಿ ಎದ್ದುಬಂದ ಮೇಲೆ ಬಾವಿಯಲ್ಲಿ ನಮ್ಮ ಮುಖ ಎಲ್ಲಿರುತ್ತದೆ? ನಾವು ಹಾಕಿದ ಕಸವಂತೂ ಇರುತ್ತದೆ, ಅದಕ್ಕೆ ಲೆಕ್ಕವಿದೆ ಎಂದು ಇಲ್ಲಿ ಕಲಿಸುತ್ತಾರೆ. ಅದು ಯಾರ ಪದ್ಯವೆಂದು ನಿನಗೆ ನೆನಪಿದ್ದರೆ ಬರೆ.

ಪರಿಸರ ವಿಜ್ಞಾನದ ಎಂ.ಎಸ್ಸಿ. ಎರಡನೇ ವರ್ಷಕ್ಕೆ ಕಾಲಿಟ್ಟೆ. ನಲವತ್ತೆಂಟರ ನನ್ನನ್ನು ಹಾಸ್ಟೆಲಿನ ಹುಡುಗಿಯರು ಆಂಟಿ ಎನ್ನುತ್ತಾರೆ. ನನ್ನ ಮಾರ್ಗದರ್ಶಕರ ಹೆಸರು ಉಜ್ವಲ್. ತಿಪಟೂರಿನ ಹೈಸ್ಕೂಲಿನಲ್ಲಿ ನಾನು ಪಾಠ ಹೇಳಿದ ಮಕ್ಕಳ ವಯಸ್ಸು. ನಾನು ‘ಸರ್’ ಎಂದಾಗಲೆಲ್ಲ ಪಾಪ, ಕುರ್ಚಿಯಿಂದ ಅರ್ಧ ಏಳುತ್ತಾರೆ.

ಪ್ರಬಂಧಕ್ಕೆ ನಮ್ಮ ಬೋರನಪಾಳ್ಯದ ಕಟ್ಟೆಬಾವಿಯನ್ನೇ ಆರಿಸಿಕೊಂಡಿದ್ದೇನೆ. ಅದರ ಮೇಲುಗಡೆ ಹಾಲಸ್ವಾಮಿ ಎಂಬುವರು ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವ ಗುಂಡಿಗಳನ್ನು ಹಾಕಿದ್ದಾರಂತಲ್ಲ. ಕೆಂಡಕ್ಕೆ ನೀರು ಸುರಿದು ಆರಿಸುತ್ತಾರೆ, ಆ ಕಪ್ಪು ನೀರು ಎಲ್ಲಿಗೆ ಇಳಿಯುತ್ತದೆ ಎನ್ನುವುದೇ ನನ್ನ ಪ್ರಶ್ನೆ. ತಿಂಗಳಿಗೆ ಒಂದು ಸೀಸೆ ನೀರು ಬೇಕು. ಸೇದಿದ ನೀರಿನಲ್ಲೇ ಸೀಸೆಯನ್ನು ಮೂರು ಸಲ ತೊಳೆದು, ಬಾಯಿತನಕ ತುಂಬಿ, ಒದ್ದೆ ಗೋಣಿ ಸುತ್ತಿ ಬೆಳಗಿನ ಬಸ್ಸಿನ ರಾಜಣ್ಣನ ಕೈಗೆ ಕೊಡು. ಇಲ್ಲಿ ನಿಲ್ದಾಣದಲ್ಲಿ ನಾನು ಇಳಿಸಿಕೊಳ್ಳುತ್ತೇನೆ. ಜೊತೆಗೊಂದು ಕಾಗದವೂ ಇರಲಿ. ನಿಮ್ಮ ಮನೆಯ ಫೋನು ಸದಾ ಸ್ಪೀಕರಿನಲ್ಲೇ ಇರುತ್ತದೆ, ಅದರಲ್ಲಿ ನಾವಿಬ್ಬರೂ ಏನು ಮಾತಾಡುವುದು?

ನಾನೇ ಬರಬೇಕಿತ್ತು. ಮದುವೆ ಯಾಕೆ ಬೇಡ ಎಂದು ಕೇಳುತ್ತಿದ್ದವರೇ ಈಗ ಓದು ಯಾಕೆ ಬೇಕು ಎಂದು ಕೇಳುತ್ತಾರೆ, ಅದಕ್ಕೆ ಮನಸ್ಸಿಲ್ಲ. ನೀನು ತುಂಬಿದರೆ ನಾನೇ ತುಂಬಿದ ಹಾಗೆ.

ನಿನ್ನ
ಗಿರಿಜಾ


ಬೋರನಪಾಳ್ಯ
೨೧ ಜುಲೈ ೨೦೨೪

ಗಿರಿಜಾ,

ಅದು ಯಾವ ಕವಿಯದೂ ಅಲ್ಲ ಕಣೇ, ನಿನ್ನದೇ! ಒಂಬತ್ತನೇ ಕ್ಲಾಸಿನಲ್ಲಿ ಗೋಡೆ ಪತ್ರಿಕೆಗೆ ಬರೆದು, ‘ಬಾವಿಗೆ ಕಣ್ಣು ಎಲ್ಲಿದೆ’ ಎಂದು ಮೇಷ್ಟ್ರ ಹತ್ತಿರ ಬೈಸಿಕೊಂಡು, ನನ್ನ ಸೆರಗಿನಲ್ಲಿ ಮೂಗು ಒರೆಸಿಕೊಂಡಿದ್ದೆ. ಮುಂದಿನ ಮಾತು ನನಗೂ ಮರೆತಿದೆ. ನಿನ್ನ ಪದ್ಯ ನಿನಗೇ ನೆನಪಿಲ್ಲದ ಮೇಲೆ ನನ್ನನ್ನು ಯಾಕೆ ಕೇಳುತ್ತೀಯ?

ಸೀಸೆ ಕಳಿಸಿದ್ದೇನೆ. ನೀನು ಹೇಳಿದ ಹಾಗೆಯೇ ಮೂರು ಸಲ ತೊಳೆದೆ. ಕೆಳಗಿನ ಬೀದಿಯ ಸಿದ್ದಕ್ಕ ಕೊಡ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟು ನಿಂತು ನೋಡಿದಳು. “ಏನ್ ದಾನವ್ವ, ತುಮ್ಕೂರ್ನಲ್ಲಿ ನೀರಿಲ್ವಾ? ಸೀಸೆಗೆ ತುಂಬಿ ಕಳ್ಸೋವಷ್ಟು ಬರ ಬಂತಾ ಆ ಊರ್ಗೆ?” ಎಂದಳು. ನೀರು ಪರೀಕ್ಷೆ ಮಾಡುತ್ತಾರೆ ಎಂದೆ. “ನಾವು ದಿನಾ ಕುಡ್ದು ಪರೀಕ್ಸೆ ಮಾಡ್ತಿಲ್ವೇ?” ಎಂದು ನಕ್ಕಳು. ಅವರ ಬೀದಿಗೆ ಇನ್ನೂ ನಲ್ಲಿ ಬಂದಿಲ್ಲ. ಅವರಿಗೆಲ್ಲ ಆ ಬಾವಿಯೇ ಗತಿ.

ನಮ್ಮವರು ಅಟ್ಟದ ಮೇಲೆ ಕಾಯಿ ಮಗುಚುತ್ತಿದ್ದಾರೆ. ಈ ವರ್ಷದ ಕೊಬ್ಬರಿ ಸಣ್ಣದು. ಇದ್ದಿಲು ಗುಂಡಿಗಳ ವಿಷಯ ಬರೆದಿದ್ದೆಯಲ್ಲ, ಹೊಗೆ ಇದೆ. ಗಾಳಿ ಈ ಕಡೆ ಬೀಸಿದಾಗ ಒಣಹಾಕಿದ ಸೀರೆಗೆ ವಾಸನೆ ಹತ್ತುತ್ತದೆ. ಅಷ್ಟೇ.

ದಾನಿ


ತುಮಕೂರು
೨೭ ಜುಲೈ ೨೦೨೪

ಪ್ರೀತಿಯ ದಾನಿ,

ಸೀಸೆಯ ಬಿರಡೆ ತೆಗೆದ ಕೂಡಲೇ ಆಸ್ಪತ್ರೆಯ ವಾಸನೆ! ಪಕ್ಕದ ಮೇಜಿನ ಹುಡುಗಿ ಮೂಗು ಮುಚ್ಚಿಕೊಂಡಳು. ಅದು ಫೀನಾಲ್. ಚಿಪ್ಪು ಬೆಂದಾಗ ಹೊರಡುವ ಟಾರಿನಲ್ಲಿ ಇರುವಂಥದ್ದು. ಕುಡಿಯುವ ನೀರಿನಲ್ಲಿ ಇದರ ಸುಳಿವೂ ಇರಬಾರದು. ಉಜ್ವಲ್ ಸರ್ ಎರಡು ಸಲ ಪರೀಕ್ಷೆ ಮಾಡಿಸಿ, “ಮೇಡಂ, ಇದೇ ಅಂಕಿ ಇನ್ನೂ ನಾಲ್ಕಾರು ತಿಂಗಳು ಬಂದರೆ ಗುಂಡಿಗಳನ್ನು ಮುಚ್ಚಿಸಬಹುದು” ಎಂದರು.

ನನಗೆ ಸಂತೋಷವಾಯಿತು ಎಂದು ಬರೆಯಲು ನಾಚಿಕೆ. ಊರಿನ ಬಾವಿ ಕೆಟ್ಟಿದೆ ಎಂದು ಯಾರಾದರೂ ಸಂತೋಷಪಡುತ್ತಾರೆಯೇ? ಆದರೂ ಕೆಟ್ಟಿರುವುದು ಒಮ್ಮೆ ಕಾಗದದ ಮೇಲೆ ಬಂದರೆ ಸರಿಪಡಿಸಲು ದಾರಿಯಾಗುತ್ತದೆ. ಇದನ್ನು ಯಾರಿಗೂ ಹೇಳಬೇಡ. ಸಿದ್ದಕ್ಕನಿಗೆ ಮಾತ್ರ, ಸದ್ಯಕ್ಕೆ ಕುಡಿಯಲು ಬೇರೆ ನೀರು ತರುವಂತೆ ಏನಾದರೂ ನೆಪ ಮಾಡಿ ಹೇಳು. ಮುಂದಿನ ಸೀಸೆಗೆ ಕಾಯುತ್ತಿದ್ದೇನೆ.

ಗಿರಿಜಾ


ಬೋರನಪಾಳ್ಯ
೯ ಆಗಸ್ಟ್ ೨೦೨೪

ಗಿರಿಜಾ,

ತಪ್ಪಾಯಿತು ಕಣೇ. ಬಚ್ಚಲಿಗೆ ಫಿನಾಯಿಲ್ ಕಲಸುವ ಬಿಂದಿಗೆಯಿಂದ ಸೀಸೆಗೆ ಬಗ್ಗಿಸಿದ್ದೆ. ನಿನ್ನ ಕಾಗದ ಓದಿದ ಮೇಲೆ ನೆನಪಾಯಿತು. ವಾಸನೆ ಅದರದ್ದೇ. ಆ ನೀರನ್ನು ಚೆಲ್ಲಿಬಿಡು, ಲೆಕ್ಕಕ್ಕೆ ಇಟ್ಟುಕೊಳ್ಳಬೇಡ. ಈ ಸಲ ಹೊಸ ಸ್ಟೀಲ್ ಚೊಂಬಿನಲ್ಲಿ ತುಂಬಿದ್ದೇನೆ. ಸಿದ್ದಕ್ಕನಿಗೆ ಏನೂ ಹೇಳಲಿಲ್ಲ, ಹೇಳುವಂಥದ್ದು ಏನೂ ಇರಲಿಲ್ಲವಲ್ಲ.

ಮನೆಯಲ್ಲಿ ಕೆಲಸ ಬಹಳ. ಹೆಚ್ಚು ಬರೆಯಲಾರೆ.

ದಾನಿ


ತುಮಕೂರು
೨೦ ಅಕ್ಟೋಬರ್ ೨೦೨೪

ಪ್ರೀತಿಯ ದಾನಿ,

ಆಗಸ್ಟಿನಿಂದ ಬಂದ ನೀರೆಲ್ಲ ಶುದ್ಧ. ಸ್ವಲ್ಪ ಗಡಸು, ಅಷ್ಟೇ. ಫೀನಾಲ್ ಇಲ್ಲವೇ ಇಲ್ಲ. ಮೊದಲ ಸೀಸೆಯ ಅಂಕಿಯನ್ನು ಹೊಡೆದುಹಾಕಿ, ‘ಸಂಗ್ರಹದ ದೋಷ’ ಎಂದು ಷರಾ ಬರೆದೆ. ನೀರನ್ನೂ ಚೆಲ್ಲಿದೆ.

ಸಹಪಾಠಿಗಳು “ಆಂಟಿ, ನಿಮ್ಮ ಬಾವಿ ನಮ್ಮ ಹಾಸ್ಟೆಲ್ ನಲ್ಲಿಗಿಂತ ಚೆನ್ನಾಗಿದೆ, ನಮಗೂ ಒಂದೊಂದು ಸೀಸೆ ತರಿಸಿ” ಎಂದು ರೇಗಿಸುತ್ತಾರೆ. ಮಾಲಿನ್ಯವಿಲ್ಲ ಎನ್ನುವುದೂ ಒಂದು ಫಲಿತಾಂಶವೇ ಎಂದು ಉಜ್ವಲ್ ಸರ್ ಸಮಾಧಾನ ಹೇಳಿದರು. ಇಷ್ಟು ದಿನ ನಾನು ಆ ಹಾಲಸ್ವಾಮಿಯನ್ನು ಮನಸ್ಸಿನಲ್ಲಿ ಬೈದುಕೊಂಡಿದ್ದು ಅನ್ಯಾಯವಾಯಿತೇನೋ. ನಿನ್ನ ಕಾಗದಗಳು ಯಾಕೆ ಚಿಕ್ಕವಾಗುತ್ತಿವೆ? ಕೊಬ್ಬರಿ ಸುಲಿಯುವ ಕಾಲವೆಂದು ನಾನೇ ಅಂದುಕೊಂಡಿದ್ದೇನೆ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮೊದಲ ಹೆಸರು ನಿನ್ನದು, ಬೇಡವೆನ್ನಬಾರದು.

ಗಿರಿಜಾ


ಬೋರನಪಾಳ್ಯ
೨೬ ನವೆಂಬರ್ ೨೦೨೪

ಗಿರಿಜಾ,

ಹೆಸರು ಗಿಸರು ಬೇಡ ಕಣೇ. ನೀರು ತುಂಬಿದ್ದಕ್ಕೆ ಯಾರಾದರೂ ಹೆಸರು ಹಾಕುತ್ತಾರೆಯೇ?

ಮೊನ್ನೆ ಊರಲ್ಲಿ ದೊಡ್ಡ ಗಲಾಟೆ. ರಂಗರಾಜುವಿನ ಮೇಕೆ ಕಟ್ಟೆಬಾವಿಗೆ ಬಿದ್ದು ಸತ್ತಿತು. ಎತ್ತಿ ಹಾಕಿ, ಮೋಟರಿಟ್ಟು ನೀರೆಲ್ಲ ಬರಿದು ಮಾಡಿ, ಒಂದು ಮಂಕರಿ ಸುಟ್ಟ ಸುಣ್ಣ ಸುರಿದರು. ಮತ್ತೆ ಊರಿದ ನೀರು ಮಜ್ಜಿಗೆಯ ಹಾಗಾಯಿತು. ಸಿದ್ದಕ್ಕ ರಂಗರಾಜುವಿಗೆ, “ನಿನ್ ಮೇಕೆಗೆ ಈಜು ಕಲ್ಸ್ದೆ ಯಾಕ್ಲಾ ಬುಟ್ಟೆ?” ಎಂದು ಬೈದದ್ದೇ ಬೈದದ್ದು. ನಿನ್ನೆ ಕಾರ್ತಿಕ ಸೋಮವಾರ, ಹೊಸ ನೀರಿಗೆ ಗಂಗಮ್ಮನ ಪೂಜೆ ಮಾಡಿ ಮತ್ತೆ ಸೇದಲು ಶುರು ಮಾಡಿದರು. ಎಷ್ಟೋ ದಿನದ ಮೇಲೆ ಎಲ್ಲ ಹೆಂಗಸರೂ ಬಾವಿಕಟ್ಟೆಯ ಮೇಲೆ ಸೇರಿದ್ದೆವು. ನೀನಿರಬೇಕಿತ್ತು ಅನ್ನಿಸಿತು.

ಈ ತಿಂಗಳ ಸೀಸೆ ಇದರೊಟ್ಟಿಗೆ ಇದೆ. ಇವತ್ತು ಬೆಳಿಗ್ಗೆ ತುಂಬಿದ್ದು.

ದಾನಿ


ತುಮಕೂರು
೩ ಡಿಸೆಂಬರ್ ೨೦೨೪

ಪ್ರೀತಿಯ ದಾನಿ,

ಮೇಕೆಯ ಕಥೆ ಓದಿ ಹಾಸ್ಟೆಲಿನ ಹುಡುಗಿಯರಿಗೂ ಹೇಳಿ ನಗಿಸಿದೆ.

ಒಂದು ಸಂಗತಿ ಮಾತ್ರ ತಿಳಿಯುತ್ತಿಲ್ಲ. ಮಂಕರಿ ಸುಣ್ಣ ಹಾಕಿದ ನೀರಿನಲ್ಲಿ ಕ್ಷಾರ ಏರಿರಲೇಬೇಕು. ನೀನು ಕಳಿಸಿದ ನೀರು ಅಕ್ಟೋಬರಿನದ್ದಕ್ಕಿಂತ ಕೂದಲೆಳೆಯಷ್ಟೂ ಬದಲಾಗಿಲ್ಲ. ಉಪಕರಣವೇ ಕೆಟ್ಟಿರಬೇಕೆಂದು ಉಜ್ವಲ್ ಸರ್ ಅದನ್ನು ಮತ್ತೆ ಸರಿಹೊಂದಿಸಿದರು, ಆದರೂ ಅದೇ ಅಂಕಿ. ಸುಣ್ಣ ಎಲ್ಲ ತಳಕ್ಕೆ ಕೂತಿತ್ತೇ? ನೀನು ಮೇಲಿನ ತಿಳಿಯನ್ನು ತುಂಬಿದೆಯಾ? ನಿನ್ನ ಮೇಲೆ ಅನುಮಾನವಲ್ಲ ದಾನಿ, ಬರೆಯುವಾಗ ಕಾರಣ ಕೊಡಬೇಕು. ಬೇಗ ಉತ್ತರ ಬರೆ.

ಗಿರಿಜಾ


ತುಮಕೂರು
೬ ಏಪ್ರಿಲ್ ೨೦೨೫

ಪ್ರೀತಿಯ ದಾನಿ,

ಡಿಸೆಂಬರಿನ ನನ್ನ ಪ್ರಶ್ನೆಗೆ ನೀನು ಉತ್ತರ ಬರೆಯಲಿಲ್ಲ. ಆಮೇಲಿನ ಸೀಸೆಗಳೆಲ್ಲ ಕಾಗದವಿಲ್ಲದೆ ಬಂದವು. ಒಮ್ಮೆ ಗೋಣಿಯನ್ನು ಕೊಡವಿ ಕೂಡ ನೋಡಿದೆ. ಬಸ್ಸಿನ ರಾಜಣ್ಣ, “ಏನ್ ಮೇಡಂ, ಬರೀ ನೀರೇ ಸಾಕಾಗಲ್ವಾ?” ಎಂದು ನಕ್ಕ.

ನನ್ನ ಮಾತಿನಿಂದ ನಿನಗೆ ನೋವಾಯಿತೆಂದು ಕಾಣುತ್ತದೆ. ಸ್ನೇಹಿತೆಯನ್ನು ಸಾಕ್ಷಿಯಂತೆ ಪ್ರಶ್ನೆ ಮಾಡಬಾರದಿತ್ತು. ‘ಸುಣ್ಣ ತಳಕ್ಕೆ ಇಳಿದಿರಬಹುದು’ ಎಂದು ನಾನೇ ಒಂದು ವಾಕ್ಯ ಬರೆದು ಮುಗಿಸಿದ್ದೇನೆ.

ಪ್ರಬಂಧದ ಕರಡು ಪ್ರತಿಯನ್ನು ರಾಜಣ್ಣನ ಕೈಲಿ ಕಳಿಸುತ್ತಿದ್ದೇನೆ. ಕೊನೆಯ ಅಧ್ಯಾಯ ಮಾತ್ರ ಓದು, ಉಳಿದದ್ದೆಲ್ಲ ಅಂಕಿಗಳು. ‘ಬೋರನಪಾಳ್ಯದ ಕಟ್ಟೆಬಾವಿಯ ನೀರು ಕುಡಿಯಲು ಯೋಗ್ಯವಾಗಿದೆ’ ಎಂದು ಬರೆದಾಗ ಕೈ ಒಂದು ಕ್ಷಣ ನಿಂತಿತು. ಯಾಕೆಂದು ತಿಳಿಯಲಿಲ್ಲ. ನಮ್ಮೂರಿನ ಬಗ್ಗೆ ಒಂದು ಒಳ್ಳೆಯ ಮಾತು ಬರೆಯುವುದು ಇಷ್ಟು ಕಷ್ಟವೇ ಅಂದುಕೊಂಡೆ.

ಗಿರಿಜಾ


ತುಮಕೂರು
೧೫ ಜೂನ್ ೨೦೨೫

ದಾನಿ,

ಮೊನ್ನೆ ಶುಕ್ರವಾರ ನಾನು ಊರಿಗೆ ಬಂದಿದ್ದೆ. ಬೈಂಡು ಮಾಡಿಸಿದ ಪ್ರಬಂಧದ ಒಂದು ಪ್ರತಿಯನ್ನು ನಿನ್ನ ಕೈಗೆ ಕೊಡಬೇಕೆಂದು, ಹೇಳದೆ ಬಂದೆ. ನೀನು ಕೆಂಕೆರೆಗೆ ಅಕ್ಕನ ಮನೆಗೆ ಹೋಗಿದ್ದೀಯ ಎಂದು ತಿಳಿಯಿತು. ನೀನು ಹೋಗಲು ಆ ದಿನವನ್ನೇ ಯಾಕೆ ಆರಿಸಿಕೊಂಡೆ ಎಂದು ನಾನು ಆಗ ಯೋಚಿಸಲಿಲ್ಲ. ನೀನು ಅಲ್ಲಿ ಇರಲಿಲ್ಲವಾದ್ದರಿಂದ ನಡೆದದ್ದನ್ನು ಬರೆಯುತ್ತೇನೆ.

ಶಾಲೆಯ ಅಂಗಳದಲ್ಲಿ ಗ್ರಾಮಸಭೆ ಸೇರಿತ್ತು. ನಿನ್ನ ಯಜಮಾನರು ಶಂಭುಲಿಂಗಯ್ಯನವರು ನಿಂತು ಏನೋ ಓದುತ್ತಿದ್ದರು. ಎರಡು ಮಾತು ಕೇಳುವಷ್ಟರಲ್ಲಿ ನನ್ನದೇ ವಾಕ್ಯಗಳೆಂದು ಗೊತ್ತಾಯಿತು. ನಾನು ನಿನಗೆ ಕಳಿಸಿದ್ದ ಕರಡು.

“ಇದು ನಾನೇಳ್ತಿರೋದಲ್ಲ ಕಣ್ರಪ್ಪ, ನಮ್ಮೂರ್ ಹೆಣ್ಮಗಳು ಪರೀಕ್ಷೆ ಮಾಡಿ ಬರ್ದಿರೋದು. ನೀರು ಚೆನ್ನಾಗೈತೆ.”

ರಂಗರಾಜು ಹಿಂದಿನಿಂದ ಕೇಳಿದ. “ಅಂಗಾದ್ರೆ ನಮ್ ದನ ಯಾಕೆ ಆ ನೀರಿಗೆ ಮೂತಿ ತಿರುವ್ತವೆ ಯಜಮಾನ್ರೆ?”

“ನಿನ್ ದನ ಎಂಎಸ್ಸಿ ಓದಿಲ್ಲ ಕಣ್ಲಾ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಅವರು ನನ್ನನ್ನು ನೋಡಿ, “ಓಹೋ, ಅಕ್ಕಾವ್ರೇ ಬಂದ್ರು! ನೀವೇ ಒಂದ್ ಮಾತ್ ಹೇಳ್ಬುಡಿ, ಇವರ ಅನುಮಾನ ಹೋಗ್ಲಿ” ಎಂದರು. ನಾನು ಮುಂದೆ ಹೋಗಿ, ಹೌದು, ನಾನೇ ಬರೆದದ್ದು, ನೀರು ಕುಡಿಯಬಹುದು ಎಂದೆ. ಊರಿನವರು ಚಪ್ಪಾಳೆ ತಟ್ಟಿದರು. ಈ ವಯಸ್ಸಿನಲ್ಲಿ ಓದು ಯಾಕೆ ಎಂದು ಒಬ್ಬರೂ ಕೇಳಲಿಲ್ಲ.

ಆಮೇಲೆ ಕಾರ್ಯದರ್ಶಿ ಎರಡು ನಿರ್ಣಯ ಓದಿದರು. ಬಾವಿಯ ನೀರು ಯೋಗ್ಯವಾಗಿರುವುದರಿಂದ ಕೆಳಗಿನ ಬೀದಿಯ ನಲ್ಲಿ ಕೆಲಸವನ್ನು ಈ ವರ್ಷ ಕೈಬಿಡುವುದು ಮೊದಲನೆಯದು. ಇದ್ದಿಲು ಗುಂಡಿಗಳ ಇನ್ನೊಂದು ಸಾಲಿಗೆ ಒಪ್ಪಿಗೆ ಎರಡನೆಯದು. ಅರ್ಜಿದಾರರು ಹಾಲಸ್ವಾಮಿ ಮತ್ತು ಶಂಭುಲಿಂಗಯ್ಯ. ಗುಂಡಿಗಳಿರುವ ಜಮೀನೂ ನಿಮ್ಮದೇ ಎಂದು ಆಗ ತಿಳಿಯಿತು. ಇಷ್ಟು ಕಾಗದಗಳಲ್ಲಿ ನೀನು ಮೇಕೆಯ ಬಗ್ಗೆ ಬರೆದೆ, ಸೀರೆಯ ವಾಸನೆಯ ಬಗ್ಗೆ ಬರೆದೆ. ಇದನ್ನು ಬರೆಯಲಿಲ್ಲ.

ನೇರ ಬಾವಿಗೆ ಹೋದೆ. ಸಿದ್ದಕ್ಕ ಸೇದುತ್ತಿದ್ದಳು. ಅವಳ ಕೊಡಕ್ಕೆ ಬಗ್ಗಿದೆ. ಅದೇ ಆಸ್ಪತ್ರೆಯ ವಾಸನೆ, ನಿನ್ನ ಮೊದಲ ಸೀಸೆಯದು. ಕೊಡದ ಕಂಠದಲ್ಲಿ ಎಣ್ಣೆಯಂಥ ಪೊರೆ. ಇದನ್ನೇ ಅಲ್ಲವೇ ನಮ್ಮ ದಾನಿ ನನಗೆ ಕಳಿಸುತ್ತಿದ್ದುದು ಎಂದು ಕೇಳಿದೆ.

“ಅಯ್ಯೋ, ಈ ನೀರ್ನ ಯಾರಾದ್ರೂ ಕಳಿಸ್ತಾರೇನವ್ವ? ದಾನವ್ವ ನಿಂಗೆ ತುಂಬ್ತಿದ್ದುದು ತ್ವಾಟದ ಬೋರ್ ನೀರ್ನ. ಮೊದ್ಲು ಒಂದ್ಸಲ ಇಲ್ ತುಂಬಿದ್ರು, ಅಷ್ಟೇಯ. ಊರಿಂದ ದೂರ ಇರೋ ಗೆಳ್ತಿಗೆ ಒಳ್ಳೇ ನೀರೇ ಕಳಿಸ್ಬೇಕು ಅಂತ ಅವ್ರ್ ಆಸೆ ಅಂತ ನಾವಂದ್ಕೊಂಡ್ವಿ.”

ಅವಳ ಮುಖದಲ್ಲಿ ನಿನ್ನ ಬಗ್ಗೆ ಮೆಚ್ಚುಗೆಯಿತ್ತು ದಾನಿ. ಅದನ್ನು ನೋಡಿಕೊಂಡು ನಾನು ಬಸ್ಸಿನವರೆಗೆ ಹೇಗೆ ನಡೆದೆನೋ ಗೊತ್ತಿಲ್ಲ. ಪ್ರತಿಯನ್ನು ನಿಮ್ಮ ಮನೆಯಲ್ಲಿ ಇಡಲಿಲ್ಲ. ಉತ್ತರ ಬರೆ. ಈ ಸಲ ಬರೆಯಲೇಬೇಕು.

ಗಿರಿಜಾಂಬಿಕಾ


ಬೋರನಪಾಳ್ಯ
೨೪ ಜೂನ್ ೨೦೨೫

ಗಿರಿಜಾ,

ಪೂರ್ತಿ ಹೆಸರು ಬರೆದು ರುಜು ಹಾಕಿದ್ದೀಯ. ಆಗಲಿ.

ಮೊದಲ ಸೀಸೆ ನಿಜವಾದದ್ದು. ನಾನೇ ಸೇದಿ ತುಂಬಿದೆ, ಏನು ಬರುತ್ತದೋ ಬರಲಿ ಎಂದುಕೊಂಡೇ ತುಂಬಿದೆ. ‘ಗುಂಡಿಗಳನ್ನು ಮುಚ್ಚಿಸಬಹುದು’ ಎಂಬ ನಿನ್ನ ಸಂತೋಷದ ಕಾಗದವನ್ನು ರಾಜಣ್ಣ ನಮ್ಮವರ ಕೈಗೆ ಕೊಟ್ಟ. ಅವರು ಅದನ್ನು ಓದಿ ಬೈಯಲಿಲ್ಲ, ಹೊಡೆಯಲಿಲ್ಲ. ಊಟಕ್ಕೆ ಕೂತು, “ನಿನ್ ಫ್ರೆಂಡು ನಮ್ ಒಲೆ ಆರ್ಸೋಕೆ ಓದ್ತಾವ್ಳೆ ಕಣೇ, ನೀರು ನೀನೇ ಹೊತ್ತು ಕೊಡ್ತಿದ್ದೀಯ” ಎಂದರು. ಮಾರನೆಯ ದಿನ ಫಿನಾಯಿಲಿನ ಕಥೆ ಕಟ್ಟಿದ್ದು ನಾನೇ. ಅವರು ಹೇಳಿಕೊಟ್ಟದ್ದಲ್ಲ.

ತೆಂಗಿಗೆ ನುಸಿ ಬಿದ್ದು ಫಸಲು ಹೋದ ಮೇಲೆ ಈ ಮನೆ ಹೇಗೆ ನಡೆಯಿತು ಎಂದು ನೀನು ಒಂದು ದಿನ ಕೇಳಲಿಲ್ಲ. ನೀರಿನ ಗಡಸು ಎಷ್ಟು, ಕ್ಷಾರ ಎಷ್ಟು ಎಂದು ಕೇಳಿದೆ. ಹತ್ತು ತಿಂಗಳಲ್ಲಿ ಒಂದು ಸಲ ಬಂದು ನೀನೇ ಒಂದು ಕೊಡ ಸೇದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಪ್ರತಿ ಸಲ ಸೀಸೆ ತುಂಬುವಾಗ, ಈ ಸಲ ಬರುತ್ತಾಳೆ, ಸಿಕ್ಕಿಬೀಳುತ್ತೇನೆ, ಆಮೇಲೆ ನೆಮ್ಮದಿ ಅಂದುಕೊಳ್ಳುತ್ತಿದ್ದೆ. ನೀನು ಬರಲಿಲ್ಲ. ಸುಣ್ಣದ ಪ್ರಶ್ನೆ ಕೇಳಿದಾಗ ಸಿಕ್ಕಿಬಿದ್ದೆ ಅಂದುಕೊಂಡೆ. ಅದಕ್ಕೂ ನೀನೇ ಒಂದು ಕಾರಣ ಬರೆದುಕೊಂಡೆ. ಕರಡನ್ನು ನಾನು ಅವರಿಗೆ ಕೊಟ್ಟೆ. ಹೌದು, ಕೊಟ್ಟೆ.

ಒಂದು ಕೇಳುತ್ತೇನೆ. ನಿಮ್ಮ ಕಾಲೇಜಿಗೆ ನೀನು ಏನು ಬೇಕಾದರೂ ಬರೆದುಕೋ, ನನ್ನ ಹೆಸರು ಬೇಡ. ನೀರು ತಂದವಳು ನಾನು ಎಂದು ಪ್ರಬಂಧದಲ್ಲಿ ಮೊದಲೇ ಅಚ್ಚಾಗಿದೆ. ಯಂತ್ರ ಕೆಟ್ಟಿತ್ತು ಎಂದು ಬರೆ. ಯಂತ್ರಕ್ಕೆ ಮಾನ ಹೋಗುವುದಿಲ್ಲ. ನಾನು ನಾಳೆಯೂ ಇದೇ ಬೀದಿಯಲ್ಲಿ, ಇದೇ ಮನೆಯಲ್ಲಿ ಓಡಾಡಬೇಕು.

ದಾನಿ


ತುಮಕೂರು
೨ ಆಗಸ್ಟ್ ೨೦೨೫

ದಾನೇಶ್ವರಿಗೆ,

ಯಂತ್ರ ಕೆಟ್ಟಿತ್ತು ಎಂದು ಬರೆಯಲು ಕೂತೆ. ಬರೆದೆ ಕೂಡ. ಓದಿದರೆ ಚೆನ್ನಾಗಿಯೇ ಇತ್ತು, ಯಾರಾದರೂ ನಂಬುವಂತಿತ್ತು. ಉಜ್ವಲ್ ಸರ್ ಕೋಣೆಗೆ ಹೋಗಿ ನಿಂತಾಗ ಅವರು ಎಂದಿನಂತೆ ಅರ್ಧ ಎದ್ದರು. ನಾನು ಆ ಹಾಳೆಯನ್ನು ಮಡಚಿ ಕೈಯಲ್ಲೇ ಇಟ್ಟುಕೊಂಡೆ. ಮಾದರಿಗಳು ಆ ಬಾವಿಯವಲ್ಲ ಸರ್, ನಾನು ಒಂದನ್ನೂ ಸ್ವತಃ ಸೇದಲಿಲ್ಲ ಎಂದೆ. ಅವರು, “ಹಾಗಾದರೆ ತುಂಬಿದವರು ಬೇಕೆಂದೇ ಮಾಡಿದರಾ ಮೇಡಂ?” ಎಂದು ಕೇಳಿದರು. ಹೌದು ಎಂದೆ. ನಿನ್ನ ಹೆಸರು ಹೇಳಿದೆ. ಬರೆದೂ ಕೊಟ್ಟೆ.

ನಿನಗೆ ನೋವಾಗಲಿ ಎಂದು ಹೇಳಲಿಲ್ಲ. ಆಗಬಾರದೆಂದು ಸುಮ್ಮನಿರಲೂ ಇಲ್ಲ. ನಿನ್ನ ಹೆಸರು ಬಿಟ್ಟಿದ್ದರೆ ಆ ನೀರು ಎಲ್ಲಿಂದ ಬಂತು ಎನ್ನುವುದಕ್ಕೆ ಉತ್ತರವೇ ಇರುತ್ತಿರಲಿಲ್ಲ. ಪ್ರಬಂಧವನ್ನು ವಾಪಸು ಪಡೆದಿದ್ದೇನೆ. ಪದವಿ ಈ ವರ್ಷ ಇಲ್ಲ. ಮೊದಲಿನಿಂದ ಶುರು ಮಾಡಲು ಅವಕಾಶ ಕೊಡುತ್ತಾರೋ ಇಲ್ಲವೋ ಸಮಿತಿ ನೋಡಬೇಕಂತೆ.

ನಾನು ಬರಲಿಲ್ಲ ಎನ್ನುವ ನಿನ್ನ ಮಾತು ಸರಿ. ಆದರೆ ಬರದೇ ಇದ್ದದ್ದು ನೀನಿದ್ದೀಯ ಎಂದು. ನಿನ್ನ ಕಥೆಗಳಿಗೆಲ್ಲ ನಾನು ಕಾರಣ ಹುಡುಕಿಕೊಂಡದ್ದೂ ಅದಕ್ಕೇ. ಬೇರೆ ಯಾರೋ ತುಂಬಿದ್ದರೆ ಸುಣ್ಣದ ಸೀಸೆ ನೋಡಿದ ದಿನವೇ ಬಸ್ಸು ಹತ್ತುತ್ತಿದ್ದೆ. ನೀನು ನನ್ನ ನಂಬಿಕೆಯಿಂದಲೇ ನನ್ನ ಕಣ್ಣು ಕಟ್ಟಿದೆ, ಆಮೇಲೆ ಕುರುಡಿ ಎನ್ನುತ್ತಿದ್ದೀಯ. ನುಸಿ ಬಿದ್ದ ವರ್ಷಗಳನ್ನು ನೀನು ಒಂದು ಸಾಲಿನಲ್ಲಿ ಬರೆದಿದ್ದರೆ ನಾನು ಬೇರೆ ಬಾವಿ ಆರಿಸಿಕೊಳ್ಳುತ್ತಿದ್ದೆನೇನೋ. ಅದೂ ತಪ್ಪೇ ಆಗುತ್ತಿತ್ತು. ಆದರೆ ನಾವಿಬ್ಬರೂ ಗೊತ್ತಿದ್ದು ಮಾಡುವ ತಪ್ಪಾಗುತ್ತಿತ್ತು.

ಹೋದ ವಾರ ಬಂದು ನಾನೇ ನೀರು ಸೇದಿಕೊಂಡು ಹೋದೆ. ನಿನ್ನ ಕಿಟಕಿ ಮುಚ್ಚಿತ್ತು. ಅಂಕಿಗಳು ಮೊದಲ ಸೀಸೆಗಿಂತ ಹೆಚ್ಚು. ಅವುಗಳ ಪ್ರತಿಯನ್ನು ಪಂಚಾಯಿತಿಗೂ ತಾಲ್ಲೂಕು ಕಚೇರಿಗೂ ಕೊಟ್ಟಿದ್ದೇನೆ. ಕಾರ್ಯದರ್ಶಿ, “ಹೋದ ತಿಂಗಳು ಒಳ್ಳೇದು ಅಂದ್ರಿ, ಈಗ ಕೆಟ್ಟದ್ದು ಅಂತೀರಿ, ಯಾವುದನ್ನ ಫೈಲಿಗೆ ಹಾಕಲಿ ಮೇಡಂ?” ಎಂದರು. ಎರಡನ್ನೂ ಹಾಕಿ ಎಂದೆ.

ಇಲ್ಲಿಯವರೆಗೆ ತುಮಕೂರಿನಲ್ಲಿ ಬರೆದದ್ದು. ಮುಂದಿನದು ಮಾರನೆಯ ದಿನ ಭಾನುವಾರ, ನಿನ್ನ ಮನೆಯ ಜಗಲಿಯ ಮೇಲೆ ಕೂತು ಬರೆಯುತ್ತಿರುವುದು. ಈ ಕಾಗದವನ್ನು ರಾಜಣ್ಣನ ಕೈಗೆ ಕೊಡಲು ಮನಸ್ಸಾಗಲಿಲ್ಲ, ನಾನೇ ತಂದೆ. ಎರಡು ಸಲ ಕೂಗಿದೆ. ಒಳಗೆ ಅಗುಳಿ ಹಾಕಿದ ಸದ್ದು ಕೇಳಿಸಿತು. ನಿನ್ನ ಬಳೆಯ ಸದ್ದೂ ಕೇಳಿಸಿತು. ಬಾಗಿಲ ಸಂದಿನಲ್ಲಿ ಸಿಕ್ಕಿಸಿ ಹೋಗುತ್ತೇನೆ, ಓದಿದರೆ ಓದು.

ಎದ್ದು ಹೊರಡುವ ಮೊದಲು ಇನ್ನೊಂದು ಮಾತು. ಕೊಡ ಹಿಡಿದು ಬಾವಿಗೆ ಹೊರಟಿದ್ದ ಸಿದ್ದಕ್ಕ ನನ್ನನ್ನು ಕಂಡು ಈಗಷ್ಟೇ ನಿನ್ನ ಬಾಗಿಲಲ್ಲಿ ನಿಂತಳು. ಆ ನೀರು ಕುಡಿಯಬೇಡ ಸಿದ್ದಕ್ಕ, ಕೆಟ್ಟಿದೆ ಎಂದು ಹೊಸದಾಗಿ ಬರೆದುಕೊಟ್ಟಿದ್ದೇನೆ ಎಂದೆ. ಅವಳು ಕೊಡವನ್ನು ಸೊಂಟದಿಂದ ಇಳಿಸಲಿಲ್ಲ. ಅವಳು ಹೇಳಿದ್ದು ನಿನಗೂ ಒಳಗೆ ಕೇಳಿಸಿರಬೇಕು.

“ಒಳ್ಳೇ ನೀರು ಅಂತ ನೀನು ಬರ್ದಿದ್ನ ಒಂದೇ ದಿನಕ್ಕೆ ಊರೆಲ್ಲ ಓದ್ಬುಡ್ತು ಕಣವ್ವ. ಕೆಟ್ ನೀರು ಅಂತ ಬರ್ದಿರೋದ್ನ ಯಾರ್ ಓದ್ತಾರೆ?”